ಹೂಂಗುಟ್ಟುವವರ ಅಪ್ಪಣೆ: ಒಂದು ದೀರ್ಘ ಹಾಸ್ಯ ಧಾರಾವಾಹಿಯ ಮುಕ್ತಾಯವನ್ನು ಕುರಿತು

1. ಪ್ರವೇಶ

ವರ್ಷಗಟ್ಟಲೆ ನಡೆದುಬಂದ ಕಥನವೊಂದು ಹೇಗೆ ಮುಗಿಯಬೇಕು? ಅದರ ಮುಕ್ತಾಯದ ಮೇಲೆ ಅಧಿಕಾರ ಹೇಳುವವನದೋ, ಕೇಳುವವರದೋ? ಕಾವ್ಯಮೀಮಾಂಸೆಯಷ್ಟೇ ಹಳೆಯದಾದ ಈ ಪ್ರಶ್ನೆ ದೂರದರ್ಶನ ಮಾಧ್ಯಮದಲ್ಲಿ ಹೊಸ ತೀವ್ರತೆಯನ್ನು ಪಡೆದುಕೊಂಡಿದೆ. ಕಾದಂಬರಿಯ ಓದುಗ ಕೆಲವು ದಿನಗಳಲ್ಲಿ ಕೊನೆಯ ಪುಟ ತಲುಪುತ್ತಾನೆ. ಧಾರಾವಾಹಿಯ ಪ್ರೇಕ್ಷಕನಾದರೋ ತನ್ನ ಆಯುಷ್ಯದ ಎಂಟು ಹತ್ತು ವರ್ಷಗಳನ್ನು ಆ ಪಾತ್ರಗಳ ಜೊತೆಯಲ್ಲಿಯೇ ಕಳೆದಿರುತ್ತಾನೆ. ಆದ್ದರಿಂದ ಮುಕ್ತಾಯ ಆತನಿಗೆ ರುಚಿಸದೆ ಹೋದಾಗ ಉಂಟಾಗುವ ಅಸಮಾಧಾನ ಕೇವಲ ರಸಭಂಗದ್ದಲ್ಲ. ಮಾತಿಗೆ ತಪ್ಪಿದವರ ಮೇಲಿನ ಸಿಟ್ಟಿನಂಥದ್ದು.

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 2005ರ ಸೆಪ್ಟೆಂಬರ್ 19ರಿಂದ 2014ರ ಮಾರ್ಚ್ 31ರವರೆಗೆ ಒಂಬತ್ತು ಸರಣಿಗಳಲ್ಲಿ, 208 ಕಂತುಗಳಲ್ಲಿ ಪ್ರಸಾರವಾದ 'ಹೌ ಐ ಮೆಟ್ ಯುವರ್ ಮದರ್' ಎಂಬ ಹಾಸ್ಯ ಧಾರಾವಾಹಿಯ ಮುಕ್ತಾಯ ಇಂಥ ಸಿಟ್ಟಿಗೆ ಗುರಿಯಾದವುಗಳಲ್ಲಿ ಪ್ರಮುಖವಾದುದು. ಸುಮಾರು 1 ಕೋಟಿ 30 ಲಕ್ಷ ಅಮೆರಿಕನ್ನರು ನೋಡಿದ ಅದರ ಕೊನೆಯ ಕಂತನ್ನು ಬಹುಪಾಲು ಅಭಿಮಾನಿಗಳು ತಿರಸ್ಕರಿಸಿದರು. ಈ ತಿರಸ್ಕಾರವನ್ನು ಮರುಪರಿಶೀಲಿಸಿ, ಆ ಮುಕ್ತಾಯವನ್ನು ಸಮರ್ಥಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಬಳಸಿಕೊಂಡಿರುವ ಸಲಕರಣೆ ಮಾತ್ರ ನಮ್ಮದೇ ನೆಲದ್ದು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಸೀಮೆ ದೀರ್ಘ ಕಥನಗಳ ತವರು. ಮಲೆಯ ಮಾದೇಶ್ವರನನ್ನು ಹಾಡುವ ಕಂಸಾಳೆಯವರು, ಮಂಟೇಸ್ವಾಮಿ ಸಿದ್ದಪ್ಪಾಜಿಯರನ್ನು ಹಾಡುವ ನೀಲಗಾರರು ಧನಗೆರೆಯೂ ಸೇರಿದಂತೆ ಈ ಸೀಮೆಯ ಊರುಗಳಿಗೆ ಹೊಸಬರಲ್ಲ. ರಾತ್ರಿಯಿಡೀ ಕುಳಿತು ಕಥೆ ಕೇಳುವ ಸಂಸ್ಕಾರವುಳ್ಳ ಜನಕ್ಕೆ, ಕಥೆಯೆಂಬುದು ಒಬ್ಬ ಹೇಳುವವ ಹಾಗೂ ಕೆಲವರು ಕೇಳುವವರ ನಡುವಿನ ವ್ಯವಹಾರ ಎಂಬ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಸರಳ ಸಂಗತಿಯೇ ಚರ್ಚಿತ ಧಾರಾವಾಹಿಯ ಮುಕ್ತಾಯಕ್ಕೆ ಕೀಲಿಕೈ ಎಂಬುದು ಇಲ್ಲಿನ ಪ್ರತಿಪಾದನೆ.

2. ಧಾರಾವಾಹಿಯ ಚೌಕಟ್ಟು ಮತ್ತು ಅದರ ಕೊನೆ

ಕಾರ್ಟರ್ ಬೇಸ್ ಮತ್ತು ಕ್ರೇಗ್ ಥಾಮಸ್ ರೂಪಿಸಿದ ಈ ಧಾರಾವಾಹಿಗೆ ಒಂದು ಚೌಕಟ್ಟು ಕಥನವಿದೆ. 2030ನೆಯ ಇಸವಿಯಲ್ಲಿ ಟೆಡ್ ಮೋಸ್ಬಿ ಎಂಬ ವಾಸ್ತುಶಿಲ್ಪಿ ತನ್ನ ಹದಿಹರೆಯದ ಮಗಳು ಹಾಗೂ ಮಗನನ್ನು ಮನೆಯ ಸೋಫಾದ ಮೇಲೆ ಕೂರಿಸಿಕೊಂಡು, ತಾನು ಅವರ ತಾಯಿಯನ್ನು ಕಂಡ ಬಗೆಯನ್ನು ಹೇಳತೊಡಗುತ್ತಾನೆ. ಕಥೆ 2005ರಿಂದ ಆರಂಭವಾಗುತ್ತದೆ. ನ್ಯೂಯಾರ್ಕ್ ನಗರದ ಐವರು ಗೆಳೆಯರಾದ ಟೆಡ್, ಮಾರ್ಷಲ್, ಲಿಲಿ, ಬಾರ್ನಿ ಮತ್ತು ರಾಬಿನ್ ಇವರ ಪ್ರಣಯ, ಉದ್ಯೋಗ, ಜಗಳ, ಕುಚೋದ್ಯಗಳೇ ಕಂತುಗಳ ವಸ್ತು. ಮೊದಲ ಕಂತಿನಲ್ಲಿಯೇ ಟೆಡ್ ರಾಬಿನ್‌ಳನ್ನು ಮೋಹಿಸುತ್ತಾನೆ. ಅವಳಿಗಾಗಿ ಹೋಟೆಲೊಂದರ ಗೋಡೆಯಲ್ಲಿದ್ದ ನೀಲಿ ಬಣ್ಣದ ಕೊಂಬುವಾದ್ಯವನ್ನು ಕದ್ದು ತರುತ್ತಾನೆ. ಇವಳೇ ತಾಯಿ ಎಂದು ಪ್ರೇಕ್ಷಕ ನಂಬುವಷ್ಟರಲ್ಲಿ, ಇದು ತಾನು ಅವರ ರಾಬಿನ್ ಚಿಕ್ಕಮ್ಮನನ್ನು ಕಂಡ ಬಗೆ ಎಂದು ನಿರೂಪಕ ಹೇಳಿಬಿಡುತ್ತಾನೆ. ಶೀರ್ಷಿಕೆ ತಾಯಿಯ ಹೆಸರಿನಲ್ಲಿದ್ದರೂ ಕಥೆ ಆರಂಭವಾಗುವುದು ತಾಯಿಯಲ್ಲದ ಹೆಣ್ಣಿನಿಂದ ಎಂಬುದನ್ನು ಇಲ್ಲಿ ಗಮನಿಸಬೇಕು.

ತಾಯಿಯ ಮುಖ ಪ್ರೇಕ್ಷಕರಿಗೆ ಕಾಣಿಸುವುದು 2013ರ ಮೇ ತಿಂಗಳಲ್ಲಿ, ಎಂಟನೆಯ ಸರಣಿಯ ಕೊನೆಯಲ್ಲಿ. ಒಂಬತ್ತನೆಯ ಸರಣಿ ಬಹುಮಟ್ಟಿಗೆ ಬಾರ್ನಿ ಮತ್ತು ರಾಬಿನ್‌ರ ಮದುವೆಯ ಎರಡು ಮೂರು ದಿನಗಳಲ್ಲಿಯೇ ಹರಡಿಕೊಂಡಿದೆ. ಆ ಮದುವೆಗೆ ವಾದ್ಯ ನುಡಿಸಲು ಬಂದವಳೇ ಟ್ರೇಸಿ. ಮದುವೆ ಮುಗಿದ ಮೇಲೆ ಮಳೆ ಸುರಿಯುವ ರೈಲು ನಿಲ್ದಾಣದಲ್ಲಿ ಒಂದು ಹಳದಿ ಕೊಡೆಯ ಕೆಳಗೆ ಟೆಡ್ ಅವಳನ್ನು ಮಾತನಾಡಿಸುತ್ತಾನೆ.

ಕಥೆ ಇಲ್ಲಿಗೆ ನಿಂತಿದ್ದರೆ ವಿವಾದವೇ ಇರುತ್ತಿರಲಿಲ್ಲ. ಆದರೆ ಕೊನೆಯ ಕಂತು ಮುಂದಿನ ವರ್ಷಗಳನ್ನೂ ತೋರಿಸುತ್ತದೆ. ಬಾರ್ನಿ ಮತ್ತು ರಾಬಿನ್ ಮೂರು ವರ್ಷಗಳಲ್ಲಿ ಬೇರೆಯಾಗುತ್ತಾರೆ. ಟೆಡ್ ಮತ್ತು ಟ್ರೇಸಿಯರಿಗೆ ಇಬ್ಬರು ಮಕ್ಕಳಾಗುತ್ತಾರೆ. ಬಳಿಕ ಟ್ರೇಸಿ ಕಾಯಿಲೆ ಬಿದ್ದು ತೀರಿಕೊಳ್ಳುತ್ತಾಳೆ. ತಂದೆ ಕಥೆ ಹೇಳುತ್ತಿರುವ ಹೊತ್ತಿಗೆ ತಾಯಿ ಸತ್ತು ಆರು ವರ್ಷಗಳಾಗಿವೆ. ಕಥೆ ಕೇಳಿ ಮುಗಿಸಿದ ಮಗಳು ತಂದೆಯ ಮಾತನ್ನು ಒಪ್ಪುವುದಿಲ್ಲ: ಇಷ್ಟು ದೀರ್ಘವಾದ ಕಥೆಯಲ್ಲಿ ಅಮ್ಮ ಬಂದುದೇ ಕಡಿಮೆ, ಇದು ನಿನಗೆ ರಾಬಿನ್ ಚಿಕ್ಕಮ್ಮನ ಮೇಲಿರುವ ಪ್ರೀತಿಯ ಕಥೆ ಎಂದು ಗುರುತಿಸಿ, ಅವಳಲ್ಲಿಗೆ ಹೋಗೆಂದು ಇಬ್ಬರೂ ಒತ್ತಾಯಿಸುತ್ತಾರೆ. ಅದೇ ನೀಲಿ ಕೊಂಬುವಾದ್ಯವನ್ನು ಹಿಡಿದು ಟೆಡ್ ರಾಬಿನ್‌ಳ ಕಿಟಕಿಯ ಕೆಳಗೆ ನಿಲ್ಲುವಲ್ಲಿಗೆ ಧಾರಾವಾಹಿ ಮುಗಿಯುತ್ತದೆ.

3. ಆಕ್ಷೇಪಗಳ ಸ್ವರೂಪ

ಈ ಮುಕ್ತಾಯದ ಮೇಲಿನ ಆಕ್ಷೇಪಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಪ್ರಮಾಣಕ್ಕೆ ಸಂಬಂಧಿಸಿದ್ದು. ಇಡೀ ಒಂದು ಸರಣಿಯನ್ನು ಒಂದು ಮದುವೆಗೆ ಮೀಸಲಿಟ್ಟು, ಆ ಮದುವೆ ಮುರಿದುದನ್ನು ಕೆಲವೇ ನಿಮಿಷಗಳಲ್ಲಿ ಮುಗಿಸಲಾಯಿತು. ತಾಯಿಯ ಸಾವಂತೂ ಬಹುಮಟ್ಟಿಗೆ ಒಂದೆರಡು ವಾಕ್ಯಗಳಲ್ಲಿ ಸರಿದುಹೋಯಿತು.

ಎರಡನೆಯದು ಪಾತ್ರವಿಕಾಸಕ್ಕೆ ಸಂಬಂಧಿಸಿದ್ದು. ಟೆಡ್ ರಾಬಿನ್‌ಳನ್ನು ಮನಸ್ಸಿನಿಂದ ಬಿಟ್ಟುಕೊಡುವುದನ್ನು ಹಲವು ಕಂತುಗಳಲ್ಲಿ ತೋರಿಸಿ, ಕೊನೆಗೆ ಅವನನ್ನು ಹೊರಟ ಜಾಗಕ್ಕೇ ತಂದು ನಿಲ್ಲಿಸಲಾಯಿತು ಎಂಬುದು ಇದರ ತಿರುಳು.

ಮೂರನೆಯದು ನಿರ್ಮಾಣದ ಇತಿಹಾಸಕ್ಕೆ ಸಂಬಂಧಿಸಿದ್ದು. ಮಕ್ಕಳ ಪಾತ್ರಧಾರಿಗಳು ಬೆಳೆದುಬಿಡುವರೆಂಬ ಕಾರಣದಿಂದ, ಅವರ ಕೊನೆಯ ಮಾತುಗಳನ್ನು 2006ರ ಸುಮಾರಿಗೇ ಚಿತ್ರೀಕರಿಸಿ ಗೋಪ್ಯವಾಗಿ ಇರಿಸಲಾಗಿತ್ತು. ಎಂಟು ವರ್ಷಗಳಲ್ಲಿ ಕಥೆ ಬೇರೆ ದಿಕ್ಕಿಗೆ ಬೆಳೆದಿದ್ದರೂ ನಿರ್ಮಾತೃಗಳು ಹಳೆಯ ಕೊನೆಗೇ ಅಂಟಿಕೊಂಡರು ಎಂಬುದು ಆರೋಪ.

ನಾಲ್ಕನೆಯದು, ಎಲ್ಲಕ್ಕಿಂತ ಗಂಭೀರವಾದುದು, ಸ್ತ್ರೀದೃಷ್ಟಿಯಿಂದ ಬಂದದ್ದು. ಏಳನೆಯ ಸರಣಿಯಲ್ಲಿ ರಾಬಿನ್‌ಗೆ ಮಕ್ಕಳಾಗುವ ಸಾಧ್ಯತೆಯಿಲ್ಲವೆಂದು ತಿಳಿದುಬರುತ್ತದೆ. ಟೆಡ್‌ಗೆ ಮಕ್ಕಳು ಬೇಕು, ರಾಬಿನ್‌ಳೂ ಬೇಕು. ಹಾಗಾಗಿ ಮಕ್ಕಳನ್ನು ಹೆತ್ತುಕೊಡಲು ಒಬ್ಬ ಹೆಣ್ಣನ್ನು ತಂದು, ಕೆಲಸವಾದ ಮೇಲೆ ಅವಳನ್ನು ಸಾಯಿಸಿ, ಗಂಡಿನ ಇಷ್ಟಾರ್ಥವನ್ನು ಪೂರೈಸಲಾಯಿತು ಎಂಬ ಈ ವಾದವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಇವುಗಳಲ್ಲಿ ಮೊದಲ ಆಕ್ಷೇಪವನ್ನು ಆರಂಭದಲ್ಲಿಯೇ ಒಪ್ಪಿಕೊಳ್ಳಬೇಕು. ಕೊನೆಯ ಕಂತಿನ ಲಯ ಅವಸರದ್ದು. ಶೋಕಕ್ಕೆ ಸಲ್ಲಬೇಕಾದ ಸಮಯ ಸಂದಿಲ್ಲ. ಆದರೆ ಇದು ನಿರ್ವಹಣೆಯ ದೋಷವೇ ಹೊರತು ವಿನ್ಯಾಸದ ದೋಷವಲ್ಲ. ನಮ್ಮ ಚರ್ಚೆ ವಿನ್ಯಾಸವನ್ನು ಕುರಿತದ್ದು.

4. ನಗೆಯ ಧಾರಾವಾಹಿಗೆ ಮುಕ್ತಾಯವೇಕೆ?

ಸಿಟ್‌ಕಾಮ್ ಎಂದು ಕರೆಯಲಾಗುವ ಸನ್ನಿವೇಶ ಹಾಸ್ಯದ ಧಾರಾವಾಹಿಗೆ ಸ್ವಭಾವತಃ ಕೊನೆ ಎಂಬುದಿಲ್ಲ. ಪ್ರತಿ ಕಂತಿನಲ್ಲಿ ಒಂದು ಗೊಂದಲ ಹುಟ್ಟುತ್ತದೆ, ಕಂತು ಮುಗಿಯುವಷ್ಟರಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ಈಟಿವಿ ಕನ್ನಡ ವಾಹಿನಿಯಲ್ಲಿ 2000ದ ದಶಕದಲ್ಲಿ ಜನಪ್ರಿಯವಾಗಿದ್ದ ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು', ವಿಜಯಪ್ರಸಾದ್ ಅವರ 'ಸಿಲ್ಲಿ ಲಲ್ಲಿ' ಧಾರಾವಾಹಿಗಳನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಪಾಂಡುವಿನ ಸಂಸಾರದ ಪಾಡು, ಲಲಿತಾಂಬೆಯ ಸಮಾಜಸೇವೆಯ ಹುಚ್ಚು ಇವು ಬಗೆಹರಿಯಬೇಕಾದ ಸಮಸ್ಯೆಗಳಲ್ಲ, ನಗೆಯ ಊಟೆಗಳು. ಊಟೆ ಬತ್ತಿದರೆ ಮಾತ್ರ ಧಾರಾವಾಹಿ ನಿಲ್ಲುತ್ತದೆ. ಈ ಎರಡೂ ಧಾರಾವಾಹಿಗಳು ವರ್ಷಗಳ ತರುವಾಯ ಹೊಸ ರೂಪದಲ್ಲಿ ಮತ್ತೆ ತೆರೆಗೆ ಬರಲು ಸಾಧ್ಯವಾದುದು ಈ ಕಾರಣದಿಂದಲೇ.

ಆದ್ದರಿಂದ ನಿಲುಗಡೆ ಮತ್ತು ಮುಕ್ತಾಯ ಎಂಬ ಎರಡನ್ನು ಬೇರ್ಪಡಿಸಿ ನೋಡುವುದು ಉಚಿತ. ನಿಲುಗಡೆಯೆಂದರೆ ಹೇಳುವುದನ್ನು ನಿಲ್ಲಿಸುವುದು. ಮುಕ್ತಾಯವೆಂದರೆ ಹೇಳಲು ತೊಡಗಿದ ಕಾರಣ ಈಡೇರುವುದು. ಸಾಮಾನ್ಯ ಹಾಸ್ಯ ಧಾರಾವಾಹಿಗೆ ನಿಲುಗಡೆ ಸಾಕು. ಆದರೆ ನಾವು ಚರ್ಚಿಸುತ್ತಿರುವ ಧಾರಾವಾಹಿ ತನ್ನ ಮೊದಲ ನಿಮಿಷದಲ್ಲಿಯೇ ಒಬ್ಬ ನಿರೂಪಕನನ್ನೂ ಇಬ್ಬರು ಕೇಳುಗರನ್ನೂ ಎದುರುಬದುರಾಗಿ ಕೂರಿಸಿಬಿಟ್ಟಿದೆ. ಹೇಳುವ ಕ್ರಿಯೆ ಅಲ್ಲಿ ಕಥೆಯ ಭಾಗವಾಗಿದೆ. ಹಾಗಾಗಿ ಟೆಡ್ ತಾಯಿಯನ್ನು ಹೇಗೆ ಕಂಡ ಎಂಬ ಪ್ರಶ್ನೆಯ ಜೊತೆಗೆ, ಟೆಡ್ ಇದನ್ನು ಮಕ್ಕಳಿಗೆ ಏಕೆ ಹೇಳುತ್ತಿದ್ದಾನೆ ಎಂಬ ಇನ್ನೊಂದು ಪ್ರಶ್ನೆಯೂ ಆರಂಭದಿಂದಲೇ ತೆರೆದುಕೊಂಡಿದೆ. ಪ್ರೇಕ್ಷಕರು ಒಂಬತ್ತು ವರ್ಷ ಮೊದಲ ಪ್ರಶ್ನೆಯನ್ನಷ್ಟೇ ಕೇಳಿಕೊಂಡರು. ಕೊನೆಯ ಕಂತು ಎರಡನೆಯ ಪ್ರಶ್ನೆಗೆ ಉತ್ತರಿಸಿತು.

5. ಹೇಳುವವನೂ ಹೂಂಗುಟ್ಟುವವನೂ

ಈ ಎರಡನೆಯ ಪ್ರಶ್ನೆಯ ಮಹತ್ವವನ್ನು ಅರಿಯಲು ಮೌಖಿಕ ಪರಂಪರೆಯ ಕಡೆಗೆ ನೋಡಬೇಕು. ಪಿ.ಕೆ. ರಾಜಶೇಖರ ಅವರು 1973ರಲ್ಲಿ ಸಂಪಾದಿಸಿ ಪ್ರಕಟಿಸಿದ, ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಬೇರೊಂದು ಪಾಠವನ್ನು ಹೊರತಂದ ಮಲೆಯ ಮಾದೇಶ್ವರನ ಕಾವ್ಯ 'ಸಾಲು'ಗಳಲ್ಲಿ ವಿಭಾಗಗೊಂಡಿದೆ. ಶ್ರವಣನ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಹೀಗೆ. ಇಡೀ ಕಾವ್ಯ ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಸಾಮಾನ್ಯವಾಗಿ ಒಂದು ಸಾಲನ್ನು ಆಯ್ದು ಹಾಡುತ್ತಾರೆ. ಮುಖ್ಯ ಗಾಯಕ ಹಾಡುತ್ತ, ನಡುನಡುವೆ ಗದ್ಯದಲ್ಲಿ ಕಥೆ ಹೇಳುತ್ತ ಹೋದಂತೆ ಹಿಮ್ಮೇಳದವರು ಸೊಲ್ಲೆತ್ತುತ್ತಾರೆ, ಮಾತಿಗೆ ಮಾತು ಕೂಡಿಸುತ್ತಾರೆ. ಮನೆಗಳಲ್ಲಿ ಅಜ್ಜಿ ಕಥೆ ಹೇಳುವಾಗ ಮಗು 'ಹೂಂ' ಎನ್ನುತ್ತಿರಬೇಕೆಂಬ ಕಟ್ಟಳೆಯೂ ಇದರದೇ ಇನ್ನೊಂದು ರೂಪ. ಹೂಂಗುಟ್ಟುವುದು ನಿಂತರೆ ಕಥೆ ನಿಲ್ಲುತ್ತದೆ. ಕೇಳುವವರ ಸಮ್ಮತಿಯಿಲ್ಲದೆ ಕಥೆ ಮುಂದುವರಿಯದು ಎಂಬ ಒಪ್ಪಂದ ಇಲ್ಲಿದೆ.

ಸಂಕಮ್ಮನ ಸಾಲನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಜೇನು ಕೀಳಲು ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯಿಂದ ಭಾಷೆಯನ್ನು ಬಯಸುತ್ತಾನೆ. ಆಕೆ ಒಪ್ಪುವುದಿಲ್ಲ. ಆತ ಅವಳನ್ನು ಹಿಂಸಿಸಿ ಮಂತ್ರದ ಕಟ್ಟಿನಲ್ಲಿ ಬಂಧಿಸಿ ಹೋಗುತ್ತಾನೆ. ಮಾದೇಶ್ವರ ಅಲ್ಲಿಗೆ ಬಂದು ಅವಳಿಗೆ ಮಕ್ಕಳ ವರ ಕೊಡುತ್ತಾನೆ. ಹಿಂತಿರುಗಿದ ಗಂಡನ ಸಂಶಯವನ್ನು ಆಕೆ ಎದುರಿಸುತ್ತಾಳೆ. ಅವಳಿಗೆ ಹುಟ್ಟಿದ ಕಾರಯ್ಯ ಬಿಲ್ಲಯ್ಯರು ಮಾದಪ್ಪನಿಗೆ ಸೇರಿದವರಾಗುತ್ತಾರೆ. ಸಾಲಿನ ಹೆಸರು ಸಂಕಮ್ಮನದು; ಕೇಳುಗರ ಕರುಳು ಮಿಡಿಯುವುದೂ ಅವಳಿಗಾಗಿಯೇ. ಆದರೆ ಸಾಲು ಹೋಗಿ ಸೇರುವುದು ಮಾದಪ್ಪನ ಒಕ್ಕಲು ಬೆಳೆದ ಬಗೆಗೆ. ಗುಡ್ಡರು ಆ ಕಥೆಯನ್ನು ಹೇಳಲು ಇರುವ ಕಾರಣ ಅದು. ಕಥೆಯ ಹೆಸರು ಒಬ್ಬರದು, ಕಥೆ ಹೇಳುವ ಕಾರಣ ಇನ್ನೊಬ್ಬರದು ಆಗಿರಬಹುದು ಎಂಬುದನ್ನು ಈ ಸೀಮೆಯ ಕೇಳುಗ ಮೋಸವೆಂದು ಎಣಿಸುವುದಿಲ್ಲ.

ಶಂಕಿಸುವ ಗಂಡ, ಕೂಡಿಹಾಕಲ್ಪಟ್ಟ ಹೆಂಡತಿ, ಮನೆಯೊಳಗೆ ಬರುವ ಅಲೌಕಿಕ ಅತಿಥಿ ಎಂಬ ಇಂಥದೇ ಆಶಯವನ್ನುಳ್ಳ ಗಿರೀಶ ಕಾರ್ನಾಡರ 'ನಾಗಮಂಡಲ' (1988) ನಾಟಕ ಮುಕ್ತಾಯದ ಸಮಸ್ಯೆಯನ್ನು ನೇರವಾಗಿಯೇ ಕೈಗೆತ್ತಿಕೊಳ್ಳುತ್ತದೆ. ಅಲ್ಲಿ ಕಥೆಯೇ ಒಂದು ಹೆಣ್ಣಾಗಿ ಬಂದು ತನ್ನನ್ನು ಹೇಳಿಕೊಳ್ಳುತ್ತದೆ. ದೀಪದ ಜ್ವಾಲೆಗಳೂ ನಾಟಕಕಾರನೂ ಕೇಳುಗರು. ರಾಣಿ, ಅಪ್ಪಣ್ಣ, ಮಗು ಸುಖವಾಗಿರುವಲ್ಲಿಗೆ ಕಥೆ ಮುಗಿದಾಗ ಕೇಳುಗರಿಗೆ ಸಮಾಧಾನವಾಗುವುದಿಲ್ಲ. ಹಾಗಾದರೆ ನಾಗನ ಗತಿಯೇನು? ನಾಗ ಸಾಯುವ ಕೊನೆಯೊಂದು ಬರುತ್ತದೆ. ಅದೂ ಒಪ್ಪಿಗೆಯಾಗದೆ, ರಾಣಿಯ ಮುಡಿಯಲ್ಲಿ ನಾಗ ಉಳಿದುಕೊಳ್ಳುವ ಮತ್ತೊಂದು ಕೊನೆ ಬರುತ್ತದೆ. ಸುಖಾಂತವೆಂಬುದು ಯಾರದೋ ಒಬ್ಬರನ್ನು ಲೆಕ್ಕದಿಂದ ಬಿಟ್ಟು ಸಾಧಿಸಿದ್ದಾಗಿರಬಹುದು, ಆ ಬಿಟ್ಟವರನ್ನು ಕೇಳುಗರು ಮರೆಯುವುದಿಲ್ಲ ಎಂಬ ವಿವೇಕ ಈ ರಚನೆಯಲ್ಲಿದೆ.

ಈ ಎರಡು ನಿದರ್ಶನಗಳ ಬೆಳಕಿನಲ್ಲಿ ಟೆಡ್‌ನ ಮಕ್ಕಳನ್ನು ನೋಡಬೇಕು. ಒಂಬತ್ತು ವರ್ಷಗಳ ಕಾಲ ಅವರು ಸೋಫಾದ ಮೇಲೆ ಕುಳಿತ ನಗೆಯ ಸಾಮಗ್ರಿಯಾಗಿದ್ದರು. ಬೇಸತ್ತು ಮುಖ ಹಿಂಡುವುದಷ್ಟೇ ಅವರ ಪಾಲಿನ ಅಭಿನಯವಾಗಿತ್ತು. ಕೊನೆಯಲ್ಲಿ ಅವರು ಹಿಮ್ಮೇಳದವರಂತೆ ಮಾತಿಗೆ ಮಾತು ಕೊಡುತ್ತಾರೆ, ಜ್ವಾಲೆಗಳಂತೆ ಕೊನೆಯನ್ನು ಒಪ್ಪದೆ ಪ್ರಶ್ನಿಸುತ್ತಾರೆ. ತಂದೆ ಹೇಳಿದ ಕೊನೆ ರೈಲು ನಿಲ್ದಾಣದಲ್ಲಿ ಮುಗಿದಿತ್ತು. ಮುಂದಿನ ಕೊನೆಯನ್ನು ಹೇಳಿದವರು ಮಕ್ಕಳು. ರಾಬಿನ್‌ಳಲ್ಲಿಗೆ ಹೋಗುವ ನಿರ್ಧಾರ ಟೆಡ್‌ನ ಬಾಯಿಂದ ಹೊರಡುವುದಿಲ್ಲ, ಮಕ್ಕಳ ಬಾಯಿಂದ ಹೊರಡುತ್ತದೆ ಎಂಬುದು ಈ ಮುಕ್ತಾಯದ ಅತ್ಯಂತ ಮುಖ್ಯವಾದ ರಚನಾಂಶ. ಮಡಿದ ತಾಯಿಯ ಸ್ಥಾನ ಕದಲುವುದೇ ಎಂದು ಅಂಜಬೇಕಾದವರು ಯಾರೋ ಅವರ ಅಪ್ಪಣೆಯಿಲ್ಲದೆ ಆತ ಹೆಜ್ಜೆ ಇಡಲಾರ. 208 ಕಂತುಗಳ ಕಥೆ ಆ ಅಪ್ಪಣೆಯನ್ನು ಬಾಯಿಬಿಟ್ಟು ಕೇಳಲಾರದವನು ಸುತ್ತುಬಳಸಿ ಕೇಳಿದ ರೀತಿ.

6. ತಾಯಿಯ ಸಾಲು

ಈ ವಿವರಣೆಗೆ ಧಾರಾವಾಹಿಯೊಳಗೆ ಆಧಾರವಿದೆಯೆ ಎಂಬ ಪ್ರಶ್ನೆ ಸಹಜ. 2014ರ ಜನವರಿಯಲ್ಲಿ ಪ್ರಸಾರವಾದ ಇನ್ನೂರನೆಯ ಕಂತು ಇದಕ್ಕೆ ಉತ್ತರ ಕೊಡುತ್ತದೆ. ಅದು ಟ್ರೇಸಿಯ ದಿಕ್ಕಿನಿಂದ ಹೇಳಿದ ಕಥೆ. ಅದನ್ನು ತಾಯಿಯ ಸಾಲು ಎಂದೇ ಕರೆಯಬಹುದು.

2005ರಲ್ಲಿ, ಟೆಡ್‌ನ ಕಥೆ ತೊಡಗುವ ಕಾಲದಲ್ಲಿಯೇ, ಟ್ರೇಸಿಯ ಇಪ್ಪತ್ತೊಂದನೆಯ ಹುಟ್ಟುಹಬ್ಬದ ದಿನ ಅವಳ ಪ್ರಿಯಕರ ಮ್ಯಾಕ್ಸ್ ತೀರಿಕೊಂಡ ಸುದ್ದಿ ಬರುತ್ತದೆ. ತನ್ನ ಪಾಲಿನ ಪ್ರೀತಿ ಮುಗಿಯಿತೆಂದು ಆಕೆ ವರ್ಷಗಟ್ಟಲೆ ನಂಬಿರುತ್ತಾಳೆ. ಮುಂದೆ ಲೂಯಿ ಎಂಬುವನು ಬಾಳಿನಲ್ಲಿ ಬಂದು ಮದುವೆಯ ಪ್ರಸ್ತಾಪ ಮಾಡಿದಾಗ ಆಕೆ ಒಪ್ಪಲಾರಳು. ಆ ರಾತ್ರಿ ಹೊರಗೆ ಬಂದು ಮಡಿದ ಮ್ಯಾಕ್ಸ್‌ನೊಡನೆ ಮಾತನಾಡುತ್ತಾಳೆ. ಮುಂದೆ ನಡೆಯಬಹುದೇ ಎಂದು ಅವನನ್ನು ಕೇಳುತ್ತಾಳೆ. ಗಾಳಿ ಬೀಸುತ್ತದೆ. ಅದನ್ನೇ ಉತ್ತರವೆಂದು ತಿಳಿದು ಅವನನ್ನು ಬೀಳ್ಕೊಡುತ್ತಾಳೆ. ಬಳಿಕ ಕೋಣೆಯ ಬಾಲ್ಕನಿಯಲ್ಲಿ ಕುಳಿತು ಆಕೆ ಹಾಡುವ ಹಾಡು ಪಕ್ಕದ ಕೋಣೆಯ ಟೆಡ್‌ನ ಕಿವಿಗೆ ಬೀಳುತ್ತದೆ.

ಈ ಸಾಲಿನ ಅರ್ಥ ಸ್ಪಷ್ಟವಾಗಿದೆ. ಟ್ರೇಸಿಯ ಬಾಳಿನಲ್ಲಿ ಟೆಡ್ ಮೊದಲಿಗನಲ್ಲ. ಒಬ್ಬನನ್ನು ಕಳೆದುಕೊಂಡು, ದುಃಖವನ್ನು ಹೊತ್ತು, ಕೊನೆಗೆ ಅಪ್ಪಣೆ ಪಡೆದು ಎರಡನೆಯ ಪ್ರೀತಿಗೆ ಬಾಗಿಲು ತೆರೆದವಳು ಆಕೆ. ಪ್ರೇಕ್ಷಕರು ಅದನ್ನು ಮ್ಯಾಕ್ಸ್‌ಗೆ ಬಗೆದ ದ್ರೋಹವೆಂದು ಕರೆಯಲಿಲ್ಲ. ಆ ಕಂತನ್ನು ಮೆಚ್ಚಿದರು. ಕೊನೆಯ ಕಂತಿನಲ್ಲಿ ಟೆಡ್ ಮಾಡುವುದು ಅದೇ ಕ್ರಿಯೆಯನ್ನು. ಅವಳು ಗಾಳಿಯನ್ನು ಕೇಳಿದಳು, ಇವನು ಮಕ್ಕಳನ್ನು ಕೇಳಿದ. ಟ್ರೇಸಿ ಕೊನೆಯವಳಾಗದಿದ್ದರೆ ಅವಳ ಪ್ರೀತಿಗೆ ಬೆಲೆಯಿಲ್ಲ ಎನ್ನುವುದಾದರೆ, ಅದೇ ನ್ಯಾಯದಿಂದ ಟೆಡ್ ಮೊದಲಿಗನಲ್ಲದ ಕಾರಣ ಅವಳ ಬಾಳಿನಲ್ಲಿ ಅವನಿಗೂ ಬೆಲೆಯಿಲ್ಲ ಎನ್ನಬೇಕಾಗುತ್ತದೆ. ಅಂದರೆ ಮುಕ್ತಾಯವನ್ನು ನಿರಾಕರಿಸುವ ವಾದ ತಾನು ಪ್ರೀತಿಸುವ ತಾಯಿಯ ಕಥೆಯನ್ನೇ ನಿರಾಕರಿಸುತ್ತದೆ.

ಸಾವಿನ ಸೂಚನೆಗಳೂ ಅನಿರೀಕ್ಷಿತವಲ್ಲ. 2013ರ ಕಂತೊಂದರಲ್ಲಿ, ಆ ಹೊತ್ತಿನಲ್ಲಿಯೇ ಟ್ರೇಸಿಯ ಮನೆಗೆ ಓಡಿಹೋಗಿ ಅವಳೊಡನೆ ಹೆಚ್ಚುವರಿಯಾಗಿ 45 ದಿನ ಕಳೆಯಲು ಬಯಸುವೆನೆಂದು ನಿರೂಪಕ ಟೆಡ್ ಹೇಳುತ್ತಾನೆ. ಪಕ್ಕದ ಕೋಣೆಯಲ್ಲಿ ಹೆಂಡತಿ ಇರುವವನು ಆಡುವ ಮಾತು ಇದಲ್ಲ. 2014ರ ಮಾರ್ಚ್‌ನ ಇನ್ನೊಂದು ಕಂತಿನಲ್ಲಿ, ಮಗಳ ಮದುವೆಗೆ ಯಾವ ತಾಯಿ ತಾನೇ ತಪ್ಪಿಸಿಕೊಂಡಾಳು ಎಂಬ ಅರ್ಥದ ಮಾತನ್ನು ಟ್ರೇಸಿ ಆಡಿದಾಗ ಟೆಡ್‌ನ ಕಣ್ಣು ತುಂಬುತ್ತದೆ. ತನ್ನ ಗಂಡ ಕಥೆಗಳೊಳಗೇ ಬದುಕಿಬಿಡುವವನಾಗಬಾರದು ಎಂಬ ಕಳವಳವನ್ನೂ ಆಕೆ ಅದೇ ಕಂತಿನಲ್ಲಿ ತೋಡಿಕೊಳ್ಳುತ್ತಾಳೆ. ಕಥೆಯಿಂದ ಹೊರಗೆ ಬಾ ಎಂಬ ಮೊದಲ ಅಪ್ಪಣೆ ಹೀಗೆ ತಾಯಿಯದೇ. ಮಕ್ಕಳು ಆರು ವರ್ಷಗಳ ಮೇಲೆ ಅದನ್ನು ನೆರವೇರಿಸಿಕೊಡುತ್ತಾರೆ.

7. ಉಳಿದ ಆಕ್ಷೇಪಗಳಿಗೆ ಸಮಾಧಾನ

ಈಗ ಸ್ತ್ರೀದೃಷ್ಟಿಯ ಆಕ್ಷೇಪವನ್ನು ಪರಿಶೀಲಿಸಬಹುದು. ಟ್ರೇಸಿ ಕೇವಲ ಸಾಧನವಾಗಿದ್ದರೆ ಅವಳಿಗೊಂದು ಸ್ವಂತ ಸಾಲಿನ ಅವಶ್ಯಕತೆ ಇರಲಿಲ್ಲ. ಟೆಡ್‌ಗಿಂತ ಮುಂಚಿನ ಅವಳ ಬದುಕು, ಅವಳ ದುಃಖ, ಅವಳ ಆಯ್ಕೆ ಇವುಗಳಿಗೆ ಇಡೀ ಕಂತನ್ನು ಕೊಟ್ಟಿರುವುದು ಆ ಆಕ್ಷೇಪವನ್ನು ದುರ್ಬಲಗೊಳಿಸುತ್ತದೆ. ಆದರೂ ಅದು ಪೂರ್ತಿಯಾಗಿ ಇಲ್ಲವಾಗುವುದಿಲ್ಲ. 208ರಲ್ಲಿ ಅವಳಿಗೆ ಸಂಪೂರ್ಣವಾಗಿ ಸೇರಿದ್ದು ಒಂದೇ ಕಂತು. ಅವಳ ಕಾಯಿಲೆಯ ದಿನಗಳನ್ನು ಅವಳ ಕಣ್ಣಿನಿಂದ ನಾವು ಕಾಣಲಿಲ್ಲ. ಸಂಕಮ್ಮನ ಸಾಲಿನ ಬಗ್ಗೆ ಇಂದಿನ ಓದುಗರು ಎತ್ತಬಹುದಾದ ಪ್ರಶ್ನೆಯನ್ನು ಇಲ್ಲಿಯೂ ಎತ್ತಬಹುದು. ಕಥೆಯನ್ನು ಒಬ್ಬ ಗಂಡಸು ಹೇಳುತ್ತಿದ್ದಾನೆ ಎಂಬ ಮಿತಿ ಅದು. ಆದರೆ ಧಾರಾವಾಹಿ ಆ ಮಿತಿಯನ್ನು ಮರೆಮಾಚಿಲ್ಲ. ಅಮ್ಮ ಈ ಕಥೆಯಲ್ಲಿ ಬಂದುದೇ ಕಡಿಮೆ ಎಂದು ಅವನ ಮಗಳೇ ಬೊಟ್ಟುಮಾಡಿ ತೋರಿಸುತ್ತಾಳೆ. ವಿಮರ್ಶಕರಿಗಿಂತ ಮೊದಲು ಆಕ್ಷೇಪವೆತ್ತಿದವಳು ಆಕೆ.

ಪಾತ್ರವಿಕಾಸದ ಆಕ್ಷೇಪಕ್ಕೆ ಉತ್ತರ ಕಾಲಗಣನೆಯಲ್ಲಿದೆ. ಕೊನೆಯ ದೃಶ್ಯ ಮೊದಲ ಕಂತಿನ ದೃಶ್ಯವನ್ನು ಹೋಲುತ್ತದೆ. ಅದೇ ಕೊಂಬುವಾದ್ಯ, ಅದೇ ಬಗೆಯ ಕಿಟಕಿ. ಆದರೆ ಕೆಳಗೆ ನಿಂತವನು 2005ರ ಆತುರಗಾರನಲ್ಲ. ಮೊದಲ ಭೇಟಿಯಲ್ಲಿಯೇ ಪ್ರೀತಿಸುವೆನೆಂದು ಹೇಳಿ ಹುಡುಗಿಯನ್ನು ಗಾಬರಿಪಡಿಸಿದ ಆ ತರುಣನಿಗೂ, ಹೆಂಡತಿ ಸತ್ತು ಆರು ವರ್ಷ ಕಾದು ಮಕ್ಕಳ ಮನಸ್ಸನ್ನು ತಿಳಿದುಕೊಂಡು ಬಂದ ಈ ಐವತ್ತರ ಗಂಡಸಿಗೂ ನಡುವೆ ಒಂದು ಬಾಳೇ ಇದೆ. ಟೆಡ್ ಮತ್ತು ರಾಬಿನ್ ದೂರವಾಗಲು ಕಾರಣವಾಗಿದ್ದುದು ಅವನಿಗೆ ಸಂಸಾರ ಮಕ್ಕಳು ಬೇಕೆಂಬ ಹಂಬಲ, ಅವಳಿಗೆ ವೃತ್ತಿ ಮತ್ತು ದೇಶಾಟನೆಯ ಹಂಬಲ. 2030ರಲ್ಲಿ ಎರಡೂ ಹಂಬಲಗಳು ಬೇರೆ ಬೇರೆಯಾಗಿ ಈಡೇರಿವೆ. ಒಬ್ಬರ ಬಯಕೆಗೆ ಇನ್ನೊಬ್ಬರು ಬಲಿಯಾಗಬೇಕಿಲ್ಲ. ಅವರು ಕೂಡುವುದು ಸಾಧ್ಯವಾದರೆ ಅದು ಈಗ ಮಾತ್ರ ಸಾಧ್ಯ. ಕೂಡುವರೋ ಇಲ್ಲವೋ ಎಂಬುದನ್ನೂ ಧಾರಾವಾಹಿ ತೋರಿಸುವುದಿಲ್ಲ. ಆಕೆ ಕಿಟಕಿಯಿಂದ ನೋಡುವಲ್ಲಿಗೆ ಬಿಡುತ್ತದೆ.

ಇನ್ನು ಮೊದಲೇ ಚಿತ್ರೀಕರಿಸಿದ ಕೊನೆಗೆ ಕಟ್ಟುಬಿದ್ದರೆಂಬ ಆಕ್ಷೇಪ. ಕೊನೆಯನ್ನು ಮೊದಲೇ ಬಲ್ಲವನಾಗಿರುವುದು ಕಥೆಗಾರನಿಗೆ ದೋಷವಲ್ಲ. ಕಂಸಾಳೆಯವರಿಗೂ ಸಾಲಿನ ಕೊನೆ ಮೊದಲೇ ಗೊತ್ತು, ಕೇಳುವವರಿಗೂ ಗೊತ್ತು. ಹೇಳುವ ಚೆಲುವು ನಡುವಿನ ದಾರಿಯಲ್ಲಿರುತ್ತದೆ. ಈ ಧಾರಾವಾಹಿಯ ತೊಡಕು ಕೊನೆ ಮೊದಲೇ ನಿಶ್ಚಯವಾಗಿದ್ದುದರಲ್ಲಿ ಇಲ್ಲ; ಕೊನೆಯನ್ನು ತಾಯಿಯ ದಿಕ್ಕಿನಿಂದ ಮತ್ತಷ್ಟು ಸಿದ್ಧಪಡಿಸಬೇಕಿತ್ತು ಎಂಬುದರಲ್ಲಿದೆ.

ಪ್ರೇಕ್ಷಕರ ಅಸಮಾಧಾನಕ್ಕೆ ಮಣಿದಂತೆ, 2014ರಲ್ಲಿಯೇ ಹೊರಬಂದ ಡಿವಿಡಿ ಸಂಪುಟದಲ್ಲಿ ಬೇರೊಂದು ಮುಕ್ತಾಯವನ್ನು ಸೇರಿಸಲಾಯಿತು. ಅದರಲ್ಲಿ ತಾಯಿಯ ಸಾವಿಲ್ಲ. ಕಥೆ ರೈಲು ನಿಲ್ದಾಣದ ಭೇಟಿಯಲ್ಲಿಯೇ ಮುಗಿಯುತ್ತದೆ. ಮೌಖಿಕ ಪರಂಪರೆಯನ್ನು ಬಲ್ಲವರಿಗೆ ಪಾಠಾಂತರ ಹೊಸದಲ್ಲ. ಎರಡು ಪಾಠಗಳೂ ಉಳಿಯಲಿ. ಆದರೆ ಅವುಗಳ ನಡುವೆ ಆಯ್ಕೆ ಮಾಡುವಾಗ ಯಾವುದರಿಂದ ಏನು ನಷ್ಟವಾಗುತ್ತದೆ ಎಂಬುದನ್ನು ತೂಗಿ ನೋಡಬೇಕು. ಪರ್ಯಾಯ ಮುಕ್ತಾಯದಲ್ಲಿ 45 ದಿನಗಳ ಹಂಬಲಕ್ಕೆ ಅರ್ಥವಿಲ್ಲ, ಟೆಡ್‌ನ ಕಣ್ಣೀರಿಗೆ ಕಾರಣವಿಲ್ಲ, ಮ್ಯಾಕ್ಸ್‌ನ ಕಥೆಗೆ ಪ್ರತಿಧ್ವನಿಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಬ್ಬ ತಂದೆ ತನ್ನ ಮಕ್ಕಳನ್ನು ಕೂರಿಸಿಕೊಂಡು ಇಷ್ಟು ದೀರ್ಘವಾಗಿ ಏಕೆ ಮಾತನಾಡಿದ ಎಂಬುದಕ್ಕೆ ಉತ್ತರವೇ ಇಲ್ಲ. ಅದು ನಿಲುಗಡೆ ಮಾತ್ರ, ಮುಕ್ತಾಯವಲ್ಲ.

8. ಸಮಾರೋಪ

ಈ ಚರ್ಚೆ ಒಂದು ಪರದೇಶಿ ಧಾರಾವಾಹಿಗೆ ಸೀಮಿತವಾದುದಲ್ಲ. ಸಂಗಾತಿಯನ್ನು ಕಳೆದುಕೊಂಡವರು ಉಳಿದ ಬದುಕನ್ನು ಹೇಗೆ ಬದುಕಬೇಕೆಂಬುದು ಪ್ರತಿ ಸಮಾಜವೂ ತನ್ನದೇ ರೀತಿಯಲ್ಲಿ ಎದುರಿಸಿರುವ ಪ್ರಶ್ನೆ. ಕರ್ನಾಟಕದ ಹಲವು ಸಮುದಾಯಗಳಲ್ಲಿ ಕೂಡಾವಳಿ, ಉಡಕಿ ಮುಂತಾದ ಹೆಸರುಗಳಿಂದ ವಿಧವೆಯರ ಮರುಮದುವೆಗೆ ಅವಕಾಶವಿತ್ತು. ಬೇರೆ ಹಲವು ಸಮುದಾಯಗಳಲ್ಲಿ ಅದನ್ನು ಪೂರ್ತಿಯಾಗಿ ನಿರಾಕರಿಸಲಾಗಿತ್ತು. ಗಂಡಸಿಗಾದರೋ ಅಂಥ ಅಪ್ಪಣೆಯನ್ನು ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಗಂಡಸು ಮಕ್ಕಳ ಮನಸ್ಸನ್ನು ವಿಚಾರಿಸದೆಯೇ ಮತ್ತೊಂದು ಮದುವೆಯಾದ ಕಥೆಗಳು, ಮಲತಾಯಿಯ ಕಾಟದ ಕಥೆಗಳು ನಮ್ಮ ಜನಪದದಲ್ಲಿ ಸಾಕಷ್ಟಿವೆ. ಮಕ್ಕಳ ಮುಂದೆ ಕುಳಿತು, ತನ್ನ ಬಾಳನ್ನೆಲ್ಲ ಬಿಚ್ಚಿಟ್ಟು, ಅವರ 'ಹೂಂ' ಬರುವವರೆಗೆ ಕಾಯುವ ತಂದೆಯ ಕಥೆ ಆ ಕಥೆಗಳಿಗಿಂತ ಬೇರೆಯಾದುದು.

ಒಟ್ಟಿನಲ್ಲಿ, 'ಹೌ ಐ ಮೆಟ್ ಯುವರ್ ಮದರ್' ಧಾರಾವಾಹಿಯ ಮುಕ್ತಾಯ ನಿರ್ವಹಣೆಯಲ್ಲಿ ಅವಸರದ್ದಾದರೂ ವಿನ್ಯಾಸದಲ್ಲಿ ಸಮಂಜಸವಾದುದು. ಅದು ಶೀರ್ಷಿಕೆಯ ಪ್ರಶ್ನೆಗೆ ಉತ್ತರಿಸಿದ ಮೇಲೆ, ಹೇಳುವಿಕೆಯ ಪ್ರಶ್ನೆಗೂ ಉತ್ತರಿಸುತ್ತದೆ. ಮುಕ್ತಾಯದ ಅಧಿಕಾರವನ್ನು ಹೇಳುವವನ ಕೈಯಿಂದ ತೆಗೆದು ಕೇಳುವವರ ಕೈಗೆ ಕೊಡುತ್ತದೆ. ಪ್ರೇಕ್ಷಕರು ಸಿಟ್ಟಾದದ್ದು ತಮ್ಮನ್ನೇ ಕೇಳುಗರೆಂದು ಎಣಿಸಿಕೊಂಡಿದ್ದರಿಂದ. ಕಥೆಯನ್ನು ಹೇಳಿದ್ದು ಸೋಫಾದ ಮೇಲಿದ್ದ ಆ ಇಬ್ಬರಿಗೆ. ತಾಯಿಯನ್ನು ಕಳೆದುಕೊಂಡವರು ಅವರು, ಅಪ್ಪಣೆ ಕೊಡಬೇಕಾದವರೂ ಅವರೇ.